ಒಗೆದ ಬಟ್ಟೆಯ ಮೃದುತ್ವ: ಖರ್ಚು ಎಲ್ಲಿ, ಉಳಿತಾಯ ಎಲ್ಲಿ?

ಹನೂರು ತಾಲ್ಲೂಕಿನ ಗೋಪಿನಾಥಂ ಗ್ರಾಮದ ಹೆಸರನ್ನು ಕೇಳದ ಕನ್ನಡಿಗರು ವಿರಳ. 2004ರ ಅಕ್ಟೋಬರ್‌ವರೆಗೆ ಆ ಹೆಸರು ವೀರಪ್ಪನ್‌ನ ಹೆಸರಿನೊಡನೆ ತಳುಕು ಹಾಕಿಕೊಂಡಿತ್ತು. ಅನಂತರದ ವರ್ಷಗಳಲ್ಲಿ ಪರಿಸ್ಥಿತಿ ಬದಲಾಯಿತು. ಜಂಗಲ್ ಲಾಡ್ಜಸ್ ಸಂಸ್ಥೆಯು ಅಲ್ಲಿ ಶಿಬಿರ ತೆರೆದ ಬಳಿಕ ಕಾವೇರಿ ವನ್ಯಜೀವಿಧಾಮದ ಈ ಅಂಚಿಗೂ ಪ್ರವಾಸಿಗರು ಬರತೊಡಗಿದರು. ಮಲೆ ಮಹದೇಶ್ವರ ಬೆಟ್ಟಕ್ಕೆ ಬರುವ ಭಕ್ತರು, ಹೊಗೆನಕಲ್ ನೋಡಲು ಹೋಗುವವರು, ಕೊಳ್ಳೇಗಾಲಕ್ಕೆ ರೇಷ್ಮೆ ಖರೀದಿಗೆ ಬರುವವರು ಎಲ್ಲರೂ ಎಲ್ಲಿಯಾದರೂ ಒಂದು ರಾತ್ರಿ ತಂಗಲೇಬೇಕು. ತಂಗುವಲ್ಲಿ ಹಾಸಿಗೆಗೆ ಹೊದಿಕೆ ಬೇಕು, ಸ್ನಾನಕ್ಕೆ ಟವೆಲು ಬೇಕು. ಅವು ಪ್ರತಿದಿನವೂ ಒಗೆಯಲ್ಪಡಬೇಕು.

ಈ ಭಾಗದ ಯಾವುದೇ ಊರಿನಲ್ಲಿ ಗೃಹಿಣಿಯರನ್ನು ಕೇಳಿದರೂ ಒಂದು ಮಾತು ತಿಳಿದುಬರುತ್ತದೆ. ಕೆರೆ, ಹೊಳೆಗಳ ನೀರಿನಲ್ಲಿ ಒಗೆದ ಬಟ್ಟೆ ಮೆತ್ತಗಿರುತ್ತದೆ. ಕೊಳವೆ ಬಾವಿಯ ನೀರಿನಲ್ಲಿ ಒಗೆದದ್ದು ಒಣಗಿದ ಮೇಲೆ ಹಪ್ಪಳದಂತೆ ನಿಲ್ಲುತ್ತದೆ. ಮನೆಮಾತಿನಂತೆ ಕೇಳಿಸುವ ಈ ಅನುಭವದಲ್ಲಿ ರಸಾಯನಶಾಸ್ತ್ರವೂ ಇದೆ, ವೆಚ್ಚದ ಲೆಕ್ಕವೂ ಇದೆ. ವಸತಿಗೃಹ, ಛತ್ರ, ವಿದ್ಯಾರ್ಥಿನಿಲಯ, ಲಾಂಡ್ರಿ, ಬಟ್ಟೆ ಅಂಗಡಿ ನಡೆಸುವ ನಮ್ಮ ಸದಸ್ಯರಿಗೂ ಸಣ್ಣ ಪ್ರಮಾಣದಲ್ಲಿ ಮಾರ್ಜಕ ತಯಾರಿಸುವವರಿಗೂ ಈ ಎರಡನ್ನೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇದನ್ನು ಬರೆಯಲು ಪ್ರೇರಣೆಯಾದ ಸಂಗತಿಯನ್ನು ಮೊದಲಿಗೆ ಹೇಳುವುದು ಉಚಿತ. ಕೆಲವು ವರ್ಷಗಳ ಹಿಂದೆ ವಸತಿಗೃಹವೊಂದರ ಲೆಕ್ಕಪತ್ರಗಳನ್ನು ಪರಿಶೀಲಿಸುವಾಗ, ಬಟ್ಟೆ ಮೃದುಕಾರಕ ದ್ರಾವಣದ ಖರ್ಚು ವರ್ಷದಿಂದ ವರ್ಷಕ್ಕೆ ಏರುತ್ತಿದ್ದುದು ನನ್ನ ಗಮನಕ್ಕೆ ಬಂದಿತು. ಅದೇ ಅವಧಿಯಲ್ಲಿ ಹೊಸ ಟವೆಲುಗಳ ಖರೀದಿಯೂ ಏರಿತ್ತು. ಕಾರಣ ವಿಚಾರಿಸಿದಾಗ, ಟವೆಲು ನೀರನ್ನೇ ಹೀರುವುದಿಲ್ಲವೆಂದು ಗ್ರಾಹಕರು ದೂರುತ್ತಿದ್ದಾರೆ, ಆದುದರಿಂದ ಹಳೆಯವನ್ನು ಬದಲಾಯಿಸುತ್ತಿದ್ದೇವೆ ಎಂಬ ಉತ್ತರ ಬಂದಿತು. ಎರಡು ಖಾತೆಗಳಲ್ಲಿ ಕಾಣುತ್ತಿದ್ದ ಖರ್ಚಿನ ಮೂಲ ಒಂದೇ ಆಗಿತ್ತು. ಅದು ಮೂರನೆಯ ಕಡೆ, ಅಂದರೆ ನೀರಿನ ತೊಟ್ಟಿಯಲ್ಲಿತ್ತು.

ಬಟ್ಟೆ ಬಿರುಸಾಗುವುದೇಕೆ?

ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳಿವೆ.

ಮೊದಲನೆಯದು ನೀರಿನ ಗಡಸುತನ. ಗಟ್ಟಿಶಿಲೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತ ನೀರು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡಿರುತ್ತದೆ. ಕುಡಿಯುವ ನೀರಿಗೆ ಸಂಬಂಧಿಸಿದ ಭಾರತೀಯ ಮಾನಕ 10500ರ 2012ರ ಆವೃತ್ತಿಯ ಪ್ರಕಾರ ಒಟ್ಟು ಗಡಸುತನದ ಸ್ವೀಕಾರಾರ್ಹ ಮಿತಿ ಲೀಟರಿಗೆ 200 ಮಿಲಿಗ್ರಾಂ; ಬೇರೆ ಮೂಲವಿಲ್ಲದಿದ್ದಲ್ಲಿ 600 ಮಿಲಿಗ್ರಾಂವರೆಗೆ ಅನುಮತಿಯುಂಟು. ಕುಡಿಯಲು ಅಡ್ಡಿಯಿಲ್ಲದ ನೀರು ಬಟ್ಟೆಗೂ ಒಳ್ಳೆಯದೆಂದು ಭಾವಿಸಬೇಕಾಗಿಲ್ಲ. ಲೀಟರಿಗೆ 400 ಮಿಲಿಗ್ರಾಂ ಗಡಸುತನವಿರುವ ನೀರನ್ನು ಉದಾಹರಣೆಯಾಗಿ ತೆಗೆದುಕೊಂಡರೆ, 20 ಲೀಟರಿನ ಒಂದು ಬಕೆಟ್ಟಿನಲ್ಲಿ 8 ಗ್ರಾಂ ಸುಣ್ಣದ ಅಂಶವಿದ್ದಂತಾಯಿತು. ಇಂತಹ ನೀರಿನಲ್ಲಿ ಸಾಬೂನು ಬಳಸಿದರೆ ಅದು ಕ್ಯಾಲ್ಸಿಯಂನೊಡನೆ ಕೂಡಿ ಕರಗದ ಜಿಗುಟಾಗುತ್ತದೆ. ಬಕೆಟ್ಟಿನ ಅಂಚಿನಲ್ಲಿ ಕಾಣುವ ಬೂದುಬಣ್ಣದ ಗೆರೆ ಅದೇ. ಅದು ಬಟ್ಟೆಯ ಎಳೆಗಳ ನಡುವೆಯೂ ಕೂರುತ್ತದೆ.

ಎರಡನೆಯದು ಮಾರ್ಜಕದ ಶೇಷ. ನಾವು ಬಳಸುವ ಒಗೆಯುವ ಪುಡಿಗಳಲ್ಲಿ ಹೆಚ್ಚಿನವು ಸೋಡಾ ಬೂದಿಯನ್ನು, ಅಂದರೆ ಸೋಡಿಯಂ ಕಾರ್ಬನೇಟನ್ನು ಒಳಗೊಂಡಿರುತ್ತವೆ. ಅದು ನೀರಿನ ಕ್ಯಾಲ್ಸಿಯಂ ಅನ್ನು ಸುಣ್ಣದ ಕಣವನ್ನಾಗಿ ಪರಿವರ್ತಿಸಿ ಮಾರ್ಜಕಕ್ಕೆ ಕೆಲಸ ಸುಗಮವಾಗಿಸುತ್ತದೆ. ಆದರೆ ಆ ಕಣಗಳ ಒಂದು ಪಾಲು ಬಟ್ಟೆಗೆ ಅಂಟಿಕೊಳ್ಳುತ್ತದೆ. ಪುಡಿ ಹೆಚ್ಚಾಗಿ, ಜಾಲಿಸುವ ನೀರು ಕಡಿಮೆಯಾದಲ್ಲಿ ಕ್ಷಾರದ ಅಂಶವೂ ಬಟ್ಟೆಯಲ್ಲಿ ಉಳಿಯುತ್ತದೆ.

ಮೂರನೆಯದು ಒಣಗುವ ಕ್ರಮ. ಶುದ್ಧ ನೀರಿನಲ್ಲಿ ಒಗೆದ ಹತ್ತಿಯ ಟವೆಲೂ ಅಲುಗಾಟವಿಲ್ಲದೆ ಒಣಗಿದಾಗ ಕೊಂಚ ಬಿರುಸಾಗುತ್ತದೆ. ಜಪಾನಿನ ಕಾವೋ ಸಂಸ್ಥೆ ಮತ್ತು ಹೊಕ್ಕೈಡೊ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನವು ಇದರ ಮೇಲೆ ಬೆಳಕು ಚೆಲ್ಲಿದೆ. ಒಣಗಿದಂತೆ ಕಾಣುವ ಹತ್ತಿಯ ಎಳೆಗಳ ಮೇಲೂ ನೀರಿನ ಅತಿ ತೆಳುವಾದ ಪದರವೊಂದು ಉಳಿದಿರುತ್ತದೆ. ಅದು ಎಳೆಯನ್ನು ಎಳೆಗೆ ಅಂಟಿನಂತೆ ಬೆಸೆಯುತ್ತದೆ. ಒಣಗಿದ ಟವೆಲನ್ನು ಜೋರಾಗಿ ಕೊಡವಿದಾಗ ಅದು ಮೆತ್ತಗಾಗುವುದಕ್ಕೆ ಈ ಬೆಸುಗೆ ಮುರಿಯುವುದೇ ಕಾರಣ.

ಮೊದಲೆರಡು ಕಾರಣಗಳನ್ನು ಲೆಕ್ಕಿಗನ ಭಾಷೆಯಲ್ಲಿ ಹೀಗೆ ಹೇಳಬಹುದು. ಕೈಯಿಂದ ಹಿಂಡಿದ ಒಂದು ಕಿಲೋ ಬಟ್ಟೆಯಲ್ಲಿ ಒಂದು ಲೀಟರ್ ನೀರು ಉಳಿದಿದೆಯೆಂದು ಇಟ್ಟುಕೊಳ್ಳೋಣ. ಬಿಸಿಲಿಗೆ ಹಾಕಿದಾಗ ನೀರು ಮಾತ್ರ ಆವಿಯಾಗುತ್ತದೆ. ಅದರಲ್ಲಿದ್ದ 400 ಮಿಲಿಗ್ರಾಂ ಲವಣ ಬಟ್ಟೆಯ ಖಾತೆಯಲ್ಲಿ ಬಾಕಿಯಾಗಿ ನಿಲ್ಲುತ್ತದೆ. ಮುಂದಿನ ಒಗೆತದಲ್ಲಿ ಕೊಂಚ ತೀರಿ, ಮತ್ತೆ ಕೊಂಚ ಸೇರಿ, ಬಾಕಿ ಮುಂದುವರಿಯುತ್ತದೆ. ಆದುದರಿಂದ ಬಟ್ಟೆಯ ಮೃದುತ್ವವನ್ನು ನಿರ್ಧರಿಸುವುದರಲ್ಲಿ ಮೊದಲ ನೀರಿಗೆ ಹಾಕಿದ ಪುಡಿಗಿಂತ ಕೊನೆಯ ಬಾರಿ ಜಾಲಿಸಿದ ನೀರಿನ ಪಾತ್ರ ದೊಡ್ಡದು.

ಅಂಗಡಿಯ ಮೃದುಕಾರಕ ಮಾಡುವುದೇನು?

ಕಂಡೀಷನರ್ ಎಂದು ಮಾರಾಟವಾಗುವ ದ್ರಾವಣಗಳಲ್ಲಿ ಮುಖ್ಯವಾಗಿ ಧನ ವಿದ್ಯುದಂಶವುಳ್ಳ, ಕೊಬ್ಬಿನ ಮೂಲದ ಅಮೋನಿಯಂ ಸಂಯುಕ್ತಗಳಿರುತ್ತವೆ. ನೀರಿನಲ್ಲಿ ಹತ್ತಿಯ ಎಳೆಯ ಮೇಲ್ಮೈ ಋಣ ವಿದ್ಯುದಂಶ ಹೊಂದಿರುವುದರಿಂದ ಅವು ಎಳೆಗೆ ಅಂಟಿ, ಮೇಣದಂತಹ ಪದರವಾಗಿ ನಿಲ್ಲುತ್ತವೆ. ಎಳೆಗಳು ಒಂದರ ಮೇಲೊಂದು ಜಾರುವುದರಿಂದ ಕೈಗೆ ನುಣುಪಾಗಿ ತೋರುತ್ತವೆ.

ಇದರಲ್ಲಿ ಮೋಸವೇನೂ ಇಲ್ಲ. ದ್ರಾವಣ ತನ್ನ ಕೆಲಸವನ್ನು ಮಾಡುತ್ತದೆ. ಆದರೆ ಅದು ಬಾಕಿಯನ್ನು ತೀರಿಸುವುದಿಲ್ಲ, ಬಾಕಿಯ ಮೇಲೆ ಹೊದಿಕೆ ಹೊದಿಸುತ್ತದೆ. ಪದರ ಮೇಲಿಂದ ಮೇಲೆ ಬಿದ್ದಂತೆ ಟವೆಲಿನ ನೀರು ಹೀರುವ ಗುಣ ಕುಗ್ಗುತ್ತದೆ. ಟವೆಲು ಇರುವುದೇ ನೀರು ಹೀರಲಿಕ್ಕೆ. ಮೇಲೆ ಹೇಳಿದ ವಸತಿಗೃಹದಲ್ಲಿ ಆದದ್ದು ಇದೇ.

ಹುಳಿ: ಹಳೆಯ ಬಾಕಿಯ ತೀರುವಳಿ

ಕೊನೆಯ ನೀರಿಗೆ ಸ್ವಲ್ಪ ಹುಳಿ ಸೇರಿಸುವುದು ಬಟ್ಟೆಯನ್ನು ಮೃದುಗೊಳಿಸುವ ಅಗ್ಗದ ಉಪಾಯವೆಂದು ಎಲ್ಲೆಡೆ ಪ್ರಚಾರದಲ್ಲಿದೆ. ಹುಳಿಯು ಎಳೆಗಳಲ್ಲಿ ಉಳಿದ ಕ್ಷಾರವನ್ನು ತಟಸ್ಥಗೊಳಿಸುತ್ತದೆ, ಸುಣ್ಣದ ಕಣವನ್ನು ಕರಗಿಸುತ್ತದೆ. ತತ್ತ್ವ ಸರಿಯಾದುದೇ. ಆದರೆ ಪ್ರಮಾಣದ ವಿಚಾರದಲ್ಲಿ ಪ್ರಚಾರಕ್ಕೂ ನಮ್ಮ ನೀರಿಗೂ ತಾಳೆಯಾಗುವುದಿಲ್ಲ.

ಶೇ. 5ರಷ್ಟು ಅಸಿಟಿಕ್ ಆಮ್ಲವಿರುವ 100 ಮಿ.ಲೀ. ವಿನೆಗರ್ ಹೆಚ್ಚೆಂದರೆ ಸುಮಾರು 4 ಗ್ರಾಂ ಸುಣ್ಣದ ಅಂಶವನ್ನು ಕರಗಿಸಬಲ್ಲದು. ನಮ್ಮ ಉದಾಹರಣೆಯ ಬಕೆಟ್ಟಿನ ನೀರಿನಲ್ಲಿಯೇ 8 ಗ್ರಾಂ ಇದೆ. ಅದರ ಬಹುಪಾಲು ಬೈಕಾರ್ಬನೇಟ್ ರೂಪದಲ್ಲಿದ್ದರೆ ವಿನೆಗರ್ ನೀರಿನೊಡನೆಯೇ ಹೋರಾಡಿ ಮುಗಿದುಹೋಗುತ್ತದೆ. ಬಟ್ಟೆಯನ್ನು ತಲುಪುವುದೇ ಇಲ್ಲ. ಮೆದು ನೀರಿರುವ ಊರುಗಳಲ್ಲಿ ಅರ್ಧ ಲೋಟ ವಿನೆಗರ್ ಪವಾಡ ಮಾಡಿದರೆ, ಕೊಳವೆ ಬಾವಿಯ ಊರಿನಲ್ಲಿ ಅದೇ ಅರ್ಧ ಲೋಟ ವ್ಯರ್ಥವಾಗುವುದಕ್ಕೆ ಇದು ಕಾರಣ.

ಪರಿಹಾರ ಎರಡು. ಒಂದು, ಹುಳಿ ಬೆರೆಸುವ ನೀರಿನ ಪ್ರಮಾಣವನ್ನು ಬಟ್ಟೆ ಮುಳುಗುವಷ್ಟಕ್ಕೆ ಸೀಮಿತಗೊಳಿಸುವುದು. ಎರಡು, ವಿನೆಗರಿನ ಬದಲು ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂಬ ಹೆಸರಿನಿಂದ ದೊರೆಯುವ ಸಿಟ್ರಿಕ್ ಆಮ್ಲವನ್ನು ಬಳಸುವುದು. 5 ಗ್ರಾಂ ನಿಂಬೆ ಉಪ್ಪು ಸುಮಾರು ಮೂರೂವರೆ ಗ್ರಾಂ ಸುಣ್ಣದ ಅಂಶಕ್ಕೆ ಸರಿದೂಗುತ್ತದೆ. ಹಣ್ಣಿನ ಲೆಕ್ಕದಲ್ಲಿ ಇದು ಸುಮಾರು ನಾಲ್ಕು ನಿಂಬೆಹಣ್ಣುಗಳ ಹುಳಿ. ನಿಂಬೆ ಉಪ್ಪನ್ನು ಕೈಗಾರಿಕೆಗಳಲ್ಲಿ ಕಾಕಂಬಿಯಂತಹ ಸಕ್ಕರೆಯ ಪದಾರ್ಥಗಳನ್ನು ಹುದುಗಿಸಿ ತಯಾರಿಸುತ್ತಾರೆ. ಹುಣಿಸೆಹಣ್ಣಿನ ನೀರಿಗೂ ಹುಳಿಯಿದೆಯಾದರೂ ಅದು ಬಿಳಿ ಬಟ್ಟೆಗೆ ಕಲೆ ಮಾಡುತ್ತದೆ.

ಬಹುಕಾಲದಿಂದ ಬಿರುಸಾಗಿರುವ ಟವೆಲು, ಹೊದಿಕೆಗಳಿಗೆ ತಿಂಗಳಿಗೊಮ್ಮೆ ಬೇರೆ ಉಪಚಾರ ಬೇಕು. ಒಗೆಯುವ ಮೊದಲು ನಿಂಬೆ ಉಪ್ಪಿನ ನೀರಿನಲ್ಲಿ ಒಂದು ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಬಳಿಕ ಎಂದಿನಂತೆ ಪುಡಿ ಹಾಕಿ ಒಗೆಯಬೇಕು. ಹುಳಿಯು ಸಾಬೂನಿನ ಜಿಗುಟನ್ನು ಒಡೆದಾಗ ಅದರಿಂದ ಕೊಬ್ಬಿನ ಅಂಶ ಹೊರಬರುತ್ತದೆ. ಅದನ್ನು ತೆಗೆಯಲು ಮಾರ್ಜಕವೇ ಬೇಕು. ಸಾಬೂನು ನೀರಿಗೇ ಹುಳಿ ಬೆರೆಸಿದರೆ ಎರಡೂ ಕೆಡುತ್ತವೆ.

ಮಳೆನೀರು: ಹೊಸ ಬಾಕಿಗೆ ತಡೆ

ಹುಳಿ ಹಳೆಯ ಬಾಕಿಯನ್ನು ತೀರಿಸುತ್ತದೆ. ಆದರೆ ನೀರಿನಲ್ಲಿರುವ ಕ್ಯಾಲ್ಸಿಯಂ ಅನ್ನು ಅದು ಎಲ್ಲಿಗೂ ಕಳುಹಿಸುವುದಿಲ್ಲ; ರೂಪ ಬದಲಿಸುತ್ತದೆ, ಅಷ್ಟೆ. ಹೊಸ ಬಾಕಿ ಬೀಳದಂತೆ ತಡೆಯಬೇಕಾದರೆ ಕೊನೆಯ ನೀರೇ ಮೆದುವಾಗಿರಬೇಕು. ಪ್ರಕೃತಿ ಉಚಿತವಾಗಿ ಕೊಡುವ ಮೆದು ನೀರು ಮಳೆನೀರು. ಅದರಲ್ಲಿ ಗಡಸುತನ ನಗಣ್ಯ.

ಎಲ್ಲ ಒಗೆತಕ್ಕೂ ಮಳೆನೀರು ಒದಗಿಸಲಾಗದು ಎಂಬುದು ನಿಜ. ಅದರ ಅಗತ್ಯವೂ ಇಲ್ಲ. ಒಗೆಯಲು ಮತ್ತು ಮೊದಲೆರಡು ಬಾರಿ ಜಾಲಿಸಲು ಕೊಳವೆ ಬಾವಿಯ ನೀರು ಸಾಕು. ಕೊನೆಯ ಬಾರಿಗೆ ಮಾತ್ರ ಮಳೆನೀರು ಬಳಸಿದರೆ, ಬಟ್ಟೆಯಲ್ಲಿ ಉಳಿದು ಒಣಗುವ ನೀರಿನ ಬಹುಭಾಗ ಮೆದು ನೀರಾಗಿರುತ್ತದೆ. 100 ಚದರ ಮೀಟರ್ ತಾರಸಿಯ ಮೇಲೆ ವರ್ಷಕ್ಕೆ 700 ಮಿ.ಮೀ. ಮಳೆ ಬಿದ್ದು, ಅದರಲ್ಲಿ ಶೇ. 80ರಷ್ಟು ಸಂಗ್ರಹವಾದರೆ 56,000 ಲೀಟರ್ ದೊರೆಯುತ್ತದೆ. ತಾರಸಿಯ ಧೂಳನ್ನು ಒಯ್ಯುವ ಮೊದಲ ಮಳೆಯನ್ನು ಹೊರಗೆ ಬಿಟ್ಟು, ಬಳಿಕದ ನೀರನ್ನು ಮರಳಿನ ಸೋಸುಕದ ಮೂಲಕ ಹಾಯಿಸಿ, ಬೆಳಕು ಬೀಳದ ತೊಟ್ಟಿಯಲ್ಲಿ ಇಡಬೇಕು.

ಇನ್ನು ಒಣಗಿಸುವ ವಿಧಾನ. ಹಗ್ಗಕ್ಕೆ ಹಾಕುವ ಮೊದಲು ಪ್ರತಿಯೊಂದು ಬಟ್ಟೆಯನ್ನೂ ಎರಡು ಮೂರು ಬಾರಿ ಬಲವಾಗಿ ಕೊಡವಬೇಕು. ಗಾಳಿಯಾಡುವ ಜಾಗವನ್ನು ಆರಿಸಿ, ಒಣಗಿದ ಕೂಡಲೇ ತೆಗೆದು ಮತ್ತೊಮ್ಮೆ ಕೊಡವಿ ಮಡಚಬೇಕು. ಇದಕ್ಕೆ ಕಾಸಿನ ಖರ್ಚೂ ಇಲ್ಲ.

ಲೆಕ್ಕಾಚಾರ

ಈಗ ಅಂಕಿಗಳಿಗೆ ಬರೋಣ. ಕೆಳಗಿನ ದರಗಳು ಉದಾಹರಣೆಗಾಗಿ ಮಾತ್ರ. ಓದುಗರು ತಮ್ಮ ಊರಿನ ದರಗಳನ್ನು ಹಾಕಿ ನೋಡಿಕೊಳ್ಳಬೇಕು.

ಇಪ್ಪತ್ತು ಕೋಣೆಗಳ ವಸತಿಗೃಹವೊಂದರಲ್ಲಿ ದಿನಕ್ಕೆ 25 ಕಿಲೋ ಬಟ್ಟೆ, ಅಂದರೆ 5 ಕಿಲೋದ ಐದು ಒಗೆತಗಳಿವೆ ಎಂದು ಭಾವಿಸೋಣ. ಕೊನೆಯ ನೀರು ಪ್ರತಿ ಒಗೆತಕ್ಕೆ 20 ಲೀಟರ್, ಗಡಸುತನ ಲೀಟರಿಗೆ 400 ಮಿಲಿಗ್ರಾಂ.

1. ಮೃದುಕಾರಕ ದ್ರಾವಣ: ಲೀಟರಿಗೆ ರೂ. 220, ಒಗೆತಕ್ಕೆ 40 ಮಿ.ಲೀ. ಒಗೆತಕ್ಕೆ ರೂ. 8.80, ದಿನಕ್ಕೆ ರೂ. 44, ವರ್ಷಕ್ಕೆ ರೂ. 16,060.

2. ಬಾಟಲಿಯ ವಿನೆಗರ್: ಲೀಟರಿಗೆ ರೂ. 60. ಬಕೆಟ್ಟಿನ 8 ಗ್ರಾಂ ಗಡಸುತನಕ್ಕೆ ಸರಿದೂಗಲು ಸುಮಾರು 200 ಮಿ.ಲೀ. ಬೇಕು. ಒಗೆತಕ್ಕೆ ರೂ. 12, ವರ್ಷಕ್ಕೆ ರೂ. 21,900. ಅಗ್ಗವೆಂದು ಹೆಸರಾದ ವಿನೆಗರ್ ಗಡಸು ನೀರಿನಲ್ಲಿ ಅಂಗಡಿಯ ದ್ರಾವಣಕ್ಕಿಂತಲೂ ದುಬಾರಿಯಾಗುತ್ತದೆ ಎಂಬುದು ಗಮನಾರ್ಹ.

3. ನಿಂಬೆ ಉಪ್ಪು: ಕಿಲೋಗೆ ರೂ. 200, ಒಗೆತಕ್ಕೆ 12 ಗ್ರಾಂ. ಒಗೆತಕ್ಕೆ ರೂ. 2.40, ದಿನಕ್ಕೆ ರೂ. 12, ವರ್ಷಕ್ಕೆ ರೂ. 4,380.

4. ಮಳೆನೀರು ಮತ್ತು ನಿಂಬೆ ಉಪ್ಪು: 5,000 ಲೀಟರಿನ ತೊಟ್ಟಿ, ಕೊಳವೆ, ಸೋಸುಕಗಳಿಗೆ ಒಟ್ಟು ರೂ. 30,000 ತಗುಲಿ, ಹತ್ತು ವರ್ಷ ಬಾಳಿಕೆ ಬಂದರೆ ವಾರ್ಷಿಕ ಸವಕಳಿ ರೂ. 3,000. ದಿನಕ್ಕೆ ಬೇಕಾದುದು 100 ಲೀಟರ್. ತುಂಬಿದ ತೊಟ್ಟಿ 50 ದಿನ ಬರುತ್ತದೆ. ಮುಂಗಾರಿಗೆ ಮೊದಲಿನ ಮಳೆ ಮತ್ತು ಹಿಂಗಾರು ಸೇರಿ ವರ್ಷದಲ್ಲಿ ಆರು ತಿಂಗಳು ಮಳೆನೀರು ಒದಗಿದರೆ, ಉಳಿದ ಆರು ತಿಂಗಳ ನಿಂಬೆ ಉಪ್ಪಿಗೆ ರೂ. 2,190. ಒಟ್ಟು ರೂ. 5,190.

ನಾಲ್ಕನೆಯ ಕ್ರಮಕ್ಕೆ ಮೂರನೆಯದಕ್ಕಿಂತ ವರ್ಷಕ್ಕೆ ರೂ. 810 ಹೆಚ್ಚು ಖರ್ಚು ಎಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಬಟ್ಟೆಗೆ ಹೊಸ ಬಾಕಿ ಬೀಳದಂತೆ ತಡೆಯುವುದು ಅದೊಂದೇ. ಮೊದಲನೆಯ ಕ್ರಮಕ್ಕೆ ಹೋಲಿಸಿದರೆ ಆಗಲೂ ರೂ. 10,870 ಉಳಿತಾಯ.

ಇದಕ್ಕೆ ಟವೆಲಿನ ಬಾಳಿಕೆಯನ್ನೂ ಸೇರಿಸಬೇಕು. ರೂ. 200ರ ಟವೆಲುಗಳು 80 ಇದ್ದರೆ ತೊಡಗಿಸಿದ ಬಂಡವಾಳ ರೂ. 16,000. ಹತ್ತು ತಿಂಗಳಿಗೊಮ್ಮೆ ಬದಲಾಯಿಸಿದರೆ ವಾರ್ಷಿಕ ವೆಚ್ಚ ರೂ. 19,200, ಹನ್ನೆರಡು ತಿಂಗಳು ಬಂದರೆ ರೂ. 16,000. ಎರಡು ತಿಂಗಳ ಹೆಚ್ಚಿನ ಬಾಳಿಕೆಯ ಬೆಲೆ ರೂ. 3,200.

ತೆರಿಗೆಯ ಒಂದು ಅಂಶವನ್ನೂ ಇಲ್ಲಿ ಗಮನಿಸಬೇಕು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ರೂ. 7,500ರವರೆಗಿನ ಬಾಡಿಗೆಯ ಹೋಟೆಲ್ ಕೋಣೆಗಳಿಗೆ ಶೇ. 12ರ ಬದಲು ಶೇ. 5ರ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಿದೆ. ಆದರೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಹಿಂದೆ ಒಗೆಯುವ ಪುಡಿ, ಮೃದುಕಾರಕ, ಟವೆಲುಗಳ ಮೇಲೆ ತೆತ್ತ ತೆರಿಗೆಯನ್ನು ಜಮೆ ಪಡೆಯುತ್ತಿದ್ದವರಿಗೆ ಈಗ ಅದು ನೇರ ವೆಚ್ಚ. ಈ ವಸ್ತುಗಳ ಬೆಲೆಯನ್ನು ಹೋಲಿಸುವಾಗ ತೆರಿಗೆಯನ್ನೂ ಸೇರಿಸಿಯೇ ಹೋಲಿಸಬೇಕು.

ಎರಡು ಸುಲಭ ಪರೀಕ್ಷೆಗಳು

ಯಾವುದನ್ನಾದರೂ ಕೊಳ್ಳುವ ಮೊದಲು ತಮ್ಮಲ್ಲಿ ಕಾರಣ ಯಾವುದೆಂದು ತಿಳಿಯುವುದು ಮೇಲು.

ಪಾರದರ್ಶಕ ಬಾಟಲಿಯಲ್ಲಿ ಅರ್ಧದಷ್ಟು ನೀರು ತುಂಬಿ, ಸಾಬೂನಿನ ಕೆಲವು ಚೂರುಗಳನ್ನು ಹಾಕಿ ಚೆನ್ನಾಗಿ ಕುಲುಕಬೇಕು. ಇಲ್ಲಿ ಮಾರ್ಜಕದ ಪುಡಿಯನ್ನು ಬಳಸಬಾರದು. ನೊರೆ ದಟ್ಟವಾಗಿ ನಿಂತು ಕೆಳಗಿನ ನೀರು ತಿಳಿಯಾಗಿದ್ದರೆ ನೀರು ಮೆದು; ನೊರೆ ಏಳದೆ ನೀರು ಹಾಲಿನಂತೆ ಕದಡಿದರೆ ಗಡಸು. ನಿಖರ ಅಂಕಿ ಬೇಕಾದವರು ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟು ಪರೀಕ್ಷಿಸಿಕೊಳ್ಳಬಹುದು.

ಎರಡನೆಯದು ಶೇಷದ ಪರೀಕ್ಷೆ. ಒಗೆದು ಒಣಗಿಸಿದ ಟವೆಲನ್ನು ಪುಡಿ ಹಾಕದ ಬಿಸಿನೀರಿನಲ್ಲಿ ಅದ್ದಿ ಕಲಕಬೇಕು. ನೊರೆ ಬಂದರೆ ಹಿಂದಿನ ಒಗೆತದ ಪುಡಿ ಬಟ್ಟೆಯಲ್ಲಿಯೇ ಇದೆ ಎಂದರ್ಥ. ಆಗ ಪುಡಿಯನ್ನು ಕಾಲುಭಾಗ ಕಡಿಮೆ ಮಾಡಿ ಎರಡು ವಾರ ನೋಡಬೇಕು. ಕೊಳೆ ಹೋಗುತ್ತಿದ್ದು ನೊರೆಯೂ ನಿಂತರೆ ಅದೇ ಸರಿಯಾದ ಪ್ರಮಾಣ. ಬಟ್ಟೆ ಮಾಸಲಾಗತೊಡಗಿದರೆ ಪುಡಿಯನ್ನು ಮೊದಲಿನ ಪ್ರಮಾಣಕ್ಕೆ ತಂದು, ಜಾಲಿಸುವುದನ್ನು ಒಂದು ಬಾರಿ ಹೆಚ್ಚಿಸಬೇಕು.

ಅಂಟುವಾಳ ಮತ್ತು ಕೊಳ್ಳೇಗಾಲದ ರೇಷ್ಮೆ

ನಮ್ಮ ಭಾಗದಲ್ಲಿ ಈ ವಿಷಯ ಬಂದಾಗ ಅಂಟುವಾಳವನ್ನು ಬಿಡುವಂತಿಲ್ಲ. ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟಗಳ ಸೋಲಿಗರು ಜೇನು, ನೆಲ್ಲಿಕಾಯಿ, ಸೀಗೆಕಾಯಿಗಳೊಡನೆ ಅಂಟುವಾಳವನ್ನೂ ಸಂಗ್ರಹಿಸಿ ಲ್ಯಾಂಪ್ಸ್ ಸಹಕಾರ ಸಂಘಗಳ ಮೂಲಕ ಮಾರುತ್ತ ಬಂದವರು. 2006ರ ಅರಣ್ಯ ಹಕ್ಕು ಕಾಯ್ದೆಯು ಕಿರು ಅರಣ್ಯ ಉತ್ಪನ್ನಗಳ ಒಡೆತನ, ಸಂಗ್ರಹ ಮತ್ತು ವಿಲೇವಾರಿಯ ಹಕ್ಕನ್ನು ಅರಣ್ಯವಾಸಿಗಳಿಗೆ ನೀಡಿತು; 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳು ಸಮುದಾಯ ಹಕ್ಕುಪತ್ರಗಳನ್ನು ಪಡೆದವು. ಆದುದರಿಂದ ಅಂಟುವಾಳ ಖರೀದಿಸುವ ವರ್ತಕರು ಹಕ್ಕುಳ್ಳವರಿಂದ ಅಥವಾ ಅವರ ಸಂಘಗಳಿಂದಲೇ ಖರೀದಿಸಿ, ಬಿಲ್ಲನ್ನು ಜೋಪಾನವಾಗಿಡುವುದು ನ್ಯಾಯವೂ ಹೌದು, ಕ್ಷೇಮವೂ ಹೌದು.

ಅಂಟುವಾಳದ ಸಿಪ್ಪೆಯಲ್ಲಿ ಸಪೋನಿನ್ ಎಂಬ ನೊರೆಯ ಪದಾರ್ಥವಿದೆ. ಸಾಬೂನಿನಂತೆ ಇದು ಗಡಸು ನೀರಿನಲ್ಲಿ ಜಿಗುಟಾಗುವುದಿಲ್ಲ. ಇದರ ನೀರು ಕ್ಷಾರವಲ್ಲ, ಸೌಮ್ಯ ಹುಳಿ. ಹಾಗಾಗಿ ಪ್ರತ್ಯೇಕ ಮೃದುಕಾರಕದ ಅಗತ್ಯ ಬೀಳುವುದಿಲ್ಲ. ಆದರೆ ಎಣ್ಣೆಯ ಕೊಳೆ, ಗಾಢ ಕಲೆಗಳನ್ನು ತೆಗೆಯುವುದರಲ್ಲಿ ಇದು ಮಾರ್ಜಕಕ್ಕೆ ಸಮನಲ್ಲ. ಬಿಳಿ ಹತ್ತಿಯ ಮೇಲೆ ಕಂದುಛಾಯೆಯನ್ನೂ ಬಿಡಬಹುದು. ವಸತಿಗೃಹದ ಹೊದಿಕೆಗಳಿಗೆ ಇದನ್ನು ನಾನು ಸೂಚಿಸುವುದಿಲ್ಲ.

ಇದಕ್ಕೆ ತಕ್ಕ ಸ್ಥಾನ ರೇಷ್ಮೆ ಮತ್ತು ಉಣ್ಣೆ. ಇವೆರಡೂ ಪ್ರೋಟೀನಿನ ಎಳೆಗಳು. ಸೋಡಾ ಅವುಗಳ ಶತ್ರು. ಅಂಟುವಾಳದ ಎಂಟು ಹತ್ತು ಕಾಯಿಗಳ ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಕಾಲು ಗಂಟೆ ಸಣ್ಣ ಉರಿಯಲ್ಲಿ ಕುದಿಸಿ, ಸೋಸಿ ತಣಿಸಿ, ಅರ್ಧ ಬಕೆಟ್ ತಣ್ಣೀರಿಗೆ ಬೆರೆಸಿದರೆ ಒಂದು ಸೀರೆಗೆ ಸಾಕು. ಸೌಮ್ಯ ಹುಳಿಯ ನೀರಿನಲ್ಲಿ ಅದ್ದಿದ ರೇಷ್ಮೆಗೆ ಸರಬರ ಸದ್ದಿನ ಗುಣ ಬರುತ್ತದೆ ಎಂಬುದು ರೇಷ್ಮೆಯ ಉದ್ಯಮದಲ್ಲಿ ಹಿಂದಿನಿಂದಲೂ ತಿಳಿದ ಸಂಗತಿ. ಆದರೂ ಬಣ್ಣ ಬಿಡುವುದೇ ಎಂದು ಸೀರೆಯ ಒಳ ಅಂಚಿನಲ್ಲಿ ಪರೀಕ್ಷಿಸಿ ನೋಡಬೇಕು. ಜರಿಯ ಸೀರೆಗೆ ಹುಳಿ ಬೇಡ.

ಕೊಳ್ಳೇಗಾಲದ ರೇಷ್ಮೆ ವರ್ತಕರಿಗೆ ಒಂದು ಸಲಹೆ. ಪ್ರತಿ ಸೀರೆಯೊಡನೆ ಒಗೆಯುವ ವಿಧಾನದ ಕನ್ನಡದ ಚೀಟಿಯೊಂದನ್ನು ಇಡಬಹುದು. ಹಿಂತಿರುಗಿ ಬರುವ ಸೀರೆಗಳಲ್ಲಿ ದೋಷ ನೇಯ್ಗೆಯದೋ ಒಗೆತದ್ದೋ ಎಂಬ ಜಗಳ ಆಗ ಕಡಿಮೆಯಾಗುತ್ತದೆ.

ತಯಾರಿಸಿ ಮಾರುವವರ ಗಮನಕ್ಕೆ

ಅಂಟುವಾಳದ ದ್ರಾವಣ ಅಥವಾ ನಿಂಬೆ ಉಪ್ಪಿನ ಮೃದುಕಾರಕವನ್ನು ಬಾಟಲಿಗೆ ತುಂಬಿ ಮಾರಲು ಸ್ವಸಹಾಯ ಸಂಘಗಳು, ಸಣ್ಣ ಉದ್ಯಮಿಗಳು ಮುಂದಾಗುವುದು ಸ್ವಾಗತಾರ್ಹ. ಆದರೆ ಮೂರು ವಿಷಯಗಳನ್ನು ಮರೆಯಬಾರದು.

ಮೊದಲನೆಯದಾಗಿ, 2011ರ ಕಾನೂನು ಮಾಪನ (ಪೊಟ್ಟಣದ ಸರಕುಗಳು) ನಿಯಮಗಳ ಪ್ರಕಾರ ತಯಾರಕರ ಅಥವಾ ಪೊಟ್ಟಣ ಕಟ್ಟುವವರ ನೋಂದಣಿ ಅಗತ್ಯ. ಹೆಸರು, ವಿಳಾಸ, ನಿವ್ವಳ ಪ್ರಮಾಣ, ತಯಾರಿಕೆಯ ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ, ಗ್ರಾಹಕರ ದೂರಿಗೆ ಸಂಪರ್ಕ ಇವೆಲ್ಲ ಚೀಟಿಯ ಮೇಲಿರಬೇಕು.

ಎರಡನೆಯದಾಗಿ, ‘ನೈಸರ್ಗಿಕ’, ‘ಪರಿಸರಸ್ನೇಹಿ’ ಎಂಬ ಪದಗಳನ್ನು ಮನಬಂದಂತೆ ಮುದ್ರಿಸುವ ಕಾಲ ಮುಗಿದಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಗಳ ಪ್ರಕಾರ ಇಂತಹ ಹೇಳಿಕೆಗಳಿಗೆ ಆಧಾರ ಒದಗಿಸಬೇಕು. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ರೂ. 10 ಲಕ್ಷದವರೆಗೂ, ಪುನರಾವರ್ತನೆಯಾದರೆ ರೂ. 50 ಲಕ್ಷದವರೆಗೂ ದಂಡ ವಿಧಿಸಬಹುದು.

ಮೂರನೆಯದಾಗಿ, ನೈಸರ್ಗಿಕವೆಂದ ಮಾತ್ರಕ್ಕೆ ನಿರಪಾಯಕಾರಿ ಎಂದಲ್ಲ. ಸಪೋನಿನ್ ಮೀನುಗಳಿಗೆ ವಿಷ. ಅಂಟುವಾಳದ ನೀರನ್ನಾಗಲೀ ಮಾರ್ಜಕದ ನೀರನ್ನಾಗಲೀ ಹಳ್ಳಕ್ಕೆ ಬಿಡದೆ ಇಂಗುಗುಂಡಿಗೆ ಬಿಡಬೇಕು. ಗೋಪಿನಾಥಂನಂತಹ, ಕಾವೇರಿಗೆ ಸಮೀಪದ ಕಾಡಿನ ಊರುಗಳಲ್ಲಿ ಇದು ಇನ್ನೂ ಮುಖ್ಯ. ಅಲ್ಲಿಗೆ ಪ್ರವಾಸಿಗರು ಬರುವುದೇ ಆ ನದಿ ಮತ್ತು ಕಾಡಿಗಾಗಿ.

ಎಚ್ಚರಿಕೆಗಳು

ವಿನೆಗರ್, ನಿಂಬೆ ಉಪ್ಪು ಅಥವಾ ಯಾವುದೇ ಹುಳಿಯನ್ನು ಬ್ಲೀಚಿಂಗ್ ಪುಡಿ ಅಥವಾ ಬ್ಲೀಚ್ ದ್ರಾವಣದೊಡನೆ ಎಂದಿಗೂ ಬೆರೆಸಕೂಡದು. ಕ್ಲೋರಿನ್ ಅನಿಲ ಹೊರಬಂದು ಪ್ರಾಣಾಪಾಯವಾಗಬಹುದು. ವಸತಿಗೃಹಗಳಲ್ಲಿ ಬಿಳಿ ಹೊದಿಕೆಗಳಿಗೆ ಬ್ಲೀಚ್ ಬಳಸುವ ರೂಢಿ ಇರುವುದರಿಂದ ಕೆಲಸಗಾರರಿಗೆ ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಒಗೆಯುವ ಜಾಗದ ಗೋಡೆಯ ಮೇಲೆ ಬರೆಸಬೇಕು. ಎರಡು ಡಬ್ಬಿಗಳನ್ನೂ ಬೇರೆ ಬೇರೆ ಕಡೆ ಇಡಬೇಕು.

ಹುಳಿಯನ್ನೂ ಅಡುಗೆ ಸೋಡಾವನ್ನೂ ಒಟ್ಟಿಗೆ ಹಾಕುವುದು ನಿರರ್ಥಕ, ಒಂದನ್ನೊಂದು ಕೆಡಿಸುತ್ತವೆ. ನಿಂಬೆ ಉಪ್ಪು ವಿನೆಗರಿನಂತೆ ಆವಿಯಾಗದು. ಪ್ರಮಾಣ ಮೀರಿದರೆ ಬಟ್ಟೆಯಲ್ಲಿಯೇ ಉಳಿದು ಇಸ್ತ್ರಿಯ ಬಿಸಿಗೆ ಹಳದಿಯಾಗಬಹುದು. ಮಳೆನೀರಿನಲ್ಲಿ ಜಾಲಿಸುವಾಗ ಹುಳಿಯ ಅಗತ್ಯವಿಲ್ಲ.

ಕೊನೆಯ ಮಾತು

ಹನಿಗೂಡಿದರೆ ಹಳ್ಳ ಎಂಬ ಗಾದೆ ಉಳಿತಾಯಕ್ಕೂ ಅನ್ವಯಿಸುತ್ತದೆ, ನಷ್ಟಕ್ಕೂ ಅನ್ವಯಿಸುತ್ತದೆ. ಒಗೆತಕ್ಕೆ ಎಂಟು ರೂಪಾಯಿ ಎಂದಾಗ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ವರ್ಷಕ್ಕೆ ಹದಿನಾರು ಸಾವಿರ ಎಂದಾಗ ಕಣ್ಣು ತೆರೆಯುತ್ತದೆ. ಆರಂಭದಲ್ಲಿ ಹೇಳಿದ ವಸತಿಗೃಹದ ಮಾಲೀಕರಿಗೆ ನಾನು ನೀಡಿದ ಸಲಹೆ ಸರಳವಾಗಿತ್ತು: ಮೊದಲು ನೀರನ್ನು ಪರೀಕ್ಷಿಸಿ, ಬಳಿಕ ಪುಡಿಯ ಪ್ರಮಾಣ ನೋಡಿ, ಕೊನೆಯ ನೀರನ್ನು ಸರಿಪಡಿಸಿ, ಚೆನ್ನಾಗಿ ಕೊಡವಿ ಒಣಗಿಸಿ. ಇಷ್ಟಾದ ಮೇಲೂ ಮೃದುಕಾರಕ ಬೇಕೆನಿಸಿದರೆ ಟವೆಲುಗಳನ್ನು ಬಿಟ್ಟು, ಬೇಕಾದ ಬಟ್ಟೆಗೆ ಮಾತ್ರ ಬಳಸಿ.

ಅದೇ ಸಲಹೆಯನ್ನು ಸದಸ್ಯರ ಮುಂದೆಯೂ ಇಡುತ್ತಿದ್ದೇನೆ. ಮುಂದಿನ ಮಳೆಗಾಲಕ್ಕೆ ಮುನ್ನ ತಾರಸಿಯ ಕೊಳವೆಯೊಂದನ್ನು ತೊಟ್ಟಿಗೆ ತಿರುಗಿಸಿ, ಒಂದು ತಿಂಗಳ ಲೆಕ್ಕವನ್ನು ಪ್ರತ್ಯೇಕವಾಗಿ ಬರೆದಿಟ್ಟು ನೋಡಿದರೆ, ಲಾಭವೆಷ್ಟೆಂಬುದನ್ನು ಅವರ ಪುಸ್ತಕವೇ ಅವರಿಗೆ ಹೇಳುತ್ತದೆ.